ಯಾರ ಬೆರಳಗಲ?

ಹೊಲಿಗೆಮನೆಯಲ್ಲಿ ಹನ್ನೊಂದು ಯಂತ್ರ, ಹನ್ನೊಂದು ಜನ. ಅಂಗಿ ಹಿಡಿದರೆ ಕಾಲರಿನಿಂದ ಗುಂಡಿಯವರೆಗೆ ಒಬ್ಬರದೇ ಕೈ. ಅದು ಅಲ್ಲಿಯ ಹಳೆಯ ಪದ್ಧತಿ. ಈಗ ಆಸ್ಪತ್ರೆಯ ಸಮವಸ್ತ್ರದ ದೊಡ್ಡ ಕೆಲಸ ಬಂದಿತ್ತು. ಇನ್ನು ಸಾಲುಹೊಲಿಗೆ: ಒಬ್ಬರು ತೋಳು, ಒಬ್ಬರು ಕಾಲರು, ಒಬ್ಬರು ಜೇಬು. ಸಾಲು ನಡೆಸುವ ಹೊಣೆ ಬಿದ್ದದ್ದು ಎಲ್ಲರೂ ಅಕ್ಕ ಎನ್ನುವ ಮೇಲ್ವಿಚಾರಕಿಯ ಹೆಗಲಿಗೆ.

ಅವಳಿಗೆ ಸೂಜಿ ಹಿಡಿಯಲು ಕಲಿಸಿದ, ಅಲ್ಲಿಯ ಹಿರಿಯ ದರ್ಜಿ ತಾತನ ಪಾಲಿಗೆ ಬಂದದ್ದು ಜೇಬು. ಅವನು ಮೊದಲ ದಿನವೇ ಹೇಳಿಬಿಟ್ಟಿದ್ದ. "ದಿನವಿಡೀ ಜೇಬಿಗೇ ಕೈ ಹಾಕೋಕೆ ನಾನೇನು ಜೇಬುಗಳ್ಳನಾ? ಶುಕ್ರವಾರದವರೆಗೆ ನೋಡ್ತೀನಿ, ಆಮೇಲೆ ಹೊರಟೆ." ಅವನು ಎದ್ದರೆ ಹಿಂದೆಯೇ ಅರ್ಧ ಮನೆ ಏಳುತ್ತದೆಂದು ಅಕ್ಕನಿಗೆ ಗೊತ್ತಿತ್ತು.

ಶುಕ್ರವಾರ ಮೊದಲ ಅಂಗಿಗಳು ಸಾಲಿನ ತುದಿಗೆ ಬಂದವು. ತೋಳು ಹೆಗಲಿಗೆ ಕೂರಲಿಲ್ಲ, ಕಾಲರು ಕೊರಳಿಗೆ ಸಾಲಲಿಲ್ಲ.

"ಅಜ್ಜನ ತಲೆಗೆ ಮೊಮ್ಮಗನ ಟೋಪಿ!" ಎಂದಳು ಗುಂಡಿ ಹಚ್ಚುವವಳು.

"ನಾ ಹೇಳ್ಲಿಲ್ವಾ?" ಎಂದ ತಾತ.

ಬಯ್ಯಲು ಬಾಯಿ ಬಿಡುವ ಮುನ್ನ ದೇವರನ್ನು ನೆನೆದು ಕಣ್ಣುಬಿಟ್ಟು ನೋಡುವುದು ಅಕ್ಕನ ರೂಢಿ. ಸಾಲಿನುದ್ದಕ್ಕೂ ನಡೆದಳು.

"ಹೊಲಿಗೆಯ ಅಂಚಿಗೆ ಬಟ್ಟೆ ಎಷ್ಟು ಬಿಟ್ಟೆ?"

"ಬೆರಳಗಲ, ಅಕ್ಕ."

"ನೀನು?"

"ಬೆರಳಗಲ."

ಹನ್ನೊಂದು ಬಾಯಲ್ಲೂ ಅದೇ ಮಾತು.

"ಎಲ್ಲಿ, ಬೆರಳು ತೋರಿಸಿ ನೋಡೋಣ."

ಹನ್ನೊಂದು ತೋರುಬೆರಳು ಎದ್ದವು. ಒಂದು ಬೀನ್ಸು, ಒಂದು ಬಾಳೆಕಾಯಿ. ದೇವರು ಒಂದೇ ಕೈಯ ಐದನ್ನೂ ಸಮ ಮಾಡಲಿಲ್ಲ. ಹನ್ನೊಂದು ಕೈಯವು ಸಮವಾದಾವೇ? ಕೋಣೆ ಬಿದ್ದು ಬಿದ್ದು ನಕ್ಕಿತು. ತಾತನಿಗೂ ತಡೆಯಲಾಗಲಿಲ್ಲ.

ಅಕ್ಕ ಅವನ ಮುಂದೆ ರಟ್ಟಿನ ತುಂಡು ಇಟ್ಟಳು. "ನಿಮ್ಮ ಬೆರಳಿಡಿ, ಗೀಟು ಎಳೀತೀನಿ. ಎಲ್ಲರಿಗೂ ಇದೇ ಅಳತೆ."

"ಬೆರಳು ಸಾಕಾ, ಆಳು ಬೇಡ್ವಾ?"

"ಹಳೇ ಪದ್ಧತಿ ವಾಪಸ್ ಬರಲ್ಲ ತಾತ, ಸುಳ್ಳು ಹೇಳಲ್ಲ. ಆದ್ರೆ ಇಡೀ ಅಂಗಿ ನೋಡೋ ಕಣ್ಣು ನಿಮ್ಮದು. ಜೇಬು ಬಿಡಿ, ಸಾಲಿನ ಕೊನೇಲಿ ಕೂತ್ಕೊಳ್ಳಿ. ನೀವು ಸರಿಯಿಲ್ಲ ಅಂದ್ರೆ ಸಾಲು ನಿಲ್ಲಬೇಕು. ಯಜಮಾನರಿಗೆ ಹೇಳೋದು ನನ್ನ ಪಾಡು."

ತಾತ ರಟ್ಟನ್ನು ತನ್ನತ್ತ ಎಳೆದುಕೊಂಡ. ಬೆರಳಿಟ್ಟ.

ಮಾರನೆಯ ದಿನ ಕೊನೆಯ ಕುರ್ಚಿಯಲ್ಲಿ ಅವನಿದ್ದ. ಗಂಟೆ ಹನ್ನೊಂದಾಗಿರಲಿಲ್ಲ, ಕೈ ಎತ್ತಿದ. ಯಂತ್ರಗಳೆಲ್ಲ ಗಪ್‌ಚುಪ್.

"ಯಾರದಮ್ಮಾ ಈ ತೋಳು?"

ತೋಳಿನವಳು ಅಂದು ರಜೆ. ಆ ಜಾಗದಲ್ಲಿ ಕೂತಿದ್ದವಳು ಅಕ್ಕ.

"ನಂದೇ, ತಾತ."

"ಬಿಚ್ಚು."

ಉಳಿದವರೆಲ್ಲ ನೋಡುತ್ತಿದ್ದರು. ಅಕ್ಕ ತಲೆಬಾಗಿಸಿ ದಾರ ಬಿಚ್ಚತೊಡಗಿದಳು; ತಾತ ಇನ್ನು ಹೊರಡುವವನಲ್ಲ, ಅವಳ ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು.