ಮೊದಲು ಬಂದವರಿಗೆ ತರಗತಿ

ಬೆಳಿಗ್ಗೆ ಫೋನು ಬಂತೆಂದರೆ ಆ ಮನೆಯಲ್ಲಿ ಒಂದೇ ಗಡಿಬಿಡಿ. ಬದಲಿ ಟೀಚರ್ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅತ್ತೆ ಊಟದ ಡಬ್ಬಿ ಕಟ್ಟಿ ನಿಂತಿರುತ್ತಿದ್ದರು.

“ಪಾಠಕ್ಕೆ ಹೋಗ್ತಿದ್ದೀಯೋ, ಓಟದ ಪಂದ್ಯಕ್ಕೋ?”

“ಎರಡೂ ಒಂದೇ ಅತ್ತೆ. ಗೆದ್ರೆ ಪಾಠ, ಸೋತ್ರೆ ಡಬ್ಬಿ ವಾಪಸ್ಸು.”

ಅವಳು ಹೇಳಿದ್ದು ತಮಾಷೆಯಲ್ಲ. ಶಾಲೆಯಲ್ಲಿ ಯಾರಾದರೂ ರಜೆ ಹಾಕಿದರೆ ಗುಮಾಸ್ತರು ಬದಲಿ ಟೀಚರ್‌ಗಳು ಮೂವರಿಗೂ ಒಟ್ಟಿಗೇ ಫೋನು ಮಾಡುತ್ತಿದ್ದರು. ಮೊದಲು ಬಂದು ಸಹಿ ಹಾಕಿದವರಿಗೆ ತರಗತಿ. ಉಳಿದಿಬ್ಬರು ಬಂದ ಕಾಲಲ್ಲೇ ಹಿಂದಿರುಗಬೇಕು. ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆ ನಡೆಯುತ್ತಿದ್ದದ್ದು ಅವಳು ಗೆದ್ದ ದಿನಗಳಿಂದ. ಗೆಲ್ಲುವ ದಿನಗಳೋ ಕಡಿಮೆ. ಯಾಕೆಂದರೆ ಉಳಿದಿಬ್ಬರಲ್ಲಿ ಒಬ್ಬರು ಸೈಕಲ್ ಮೇಷ್ಟ್ರು. ಚಿತ್ರ ಬಿಡಿಸುವುದರಲ್ಲಿ ಎತ್ತಿದ ಕೈ; ಸೈಕಲ್ ತುಳಿಯುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಇನ್ನೊಬ್ಬರು ಮಂಡಿನೋವಿನ ಅಜ್ಜಿ ಟೀಚರ್. ಪಾಪ, ಅವರು ಗೆದ್ದದ್ದನ್ನು ಯಾರೂ ನೋಡಿರಲಿಲ್ಲ.

ಸೋತವರು ಕೂರುವ ಜಾಗ ಶಾಲೆಯ ಎದುರಿನ ಚಹಾದಂಗಡಿ. ಒಂದು ದಿನ ಅವಳು ಅಲ್ಲಿ ಕೂತಿದ್ದಾಗ ಗೆದ್ದಿದ್ದ ಮೇಷ್ಟ್ರೇ ಮುಖ ಬಿಳಿಚಿಕೊಂಡು ಗೇಟಿನ ಹತ್ತಿರ ಬಂದರು.

“ಅಕ್ಕ, ವಿಜ್ಞಾನವಂತೆ! ಮಂಜುಗಡ್ಡೆ ನೀರಲ್ಲಿ ಯಾಕೆ ತೇಲುತ್ತೆ ಅಂತ ಪಾಠ. ನಂಗೆಲ್ಲಿ ಗೊತ್ತು ಅದು?”

ವಿಜ್ಞಾನ ಅವಳ ವಿಷಯ. ಹೊಟ್ಟೆ ಉರಿದುಹೋಯಿತು. ಆದರೆ ಒಳಗೆ ಕೂತಿರುವ ಮಕ್ಕಳು ಏನು ತಪ್ಪು ಮಾಡಿದ್ದಾರೆ? ಎದ್ದು ಹೋಗಿ ಗೇಟಿನ ಸರಳುಗಳ ನಡುವಿನಿಂದಲೇ ಪಾಠ ಹೇಳಿಕೊಟ್ಟಳು. “ಹೆಪ್ಪುಗಟ್ಟಿದ ನೀರು ಹಿಗ್ಗುತ್ತೆ ಮೇಷ್ಟ್ರೇ. ಹಿಗ್ಗಿದ್ದಕ್ಕೆ ಹಗುರ. ನೀವು ಅದನ್ನ ಬೋರ್ಡಿನ ಮೇಲೆ ಬಿಡಿಸಿ ತೋರಿಸಿ, ಮಕ್ಕಳಿಗೆ ಅರ್ಥವಾಗುತ್ತೆ.”

ಅವರು ಕೈಮುಗಿದು ಒಳಗೆ ಓಡಿದರು. ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಅಜ್ಜಿ ಟೀಚರ್‌ಗೆ ರೇಗಿತು. “ಇವರು ಟೀಚರನ್ನ ಕಾಲು ನೋಡಿ ಆರಿಸ್ತಾರಲ್ಲ, ತಲೆ ಇದೆಯೋ ಇಲ್ವೋ ಅಂತ ನೋಡೋದು ಯಾವಾಗ?”

ಆ ಸಂಜೆ ಅಜ್ಜಿ ಟೀಚರ್ ಇಬ್ಬರನ್ನೂ ಅದೇ ಅಂಗಡಿಗೆ ಕರೆಸಿದರು. ಇನ್ನು ಮೇಲೆ ಮೂವರೂ ಗೇಟಿನಲ್ಲಿ ಸೇರಿ ಒಟ್ಟಿಗೇ ಒಳಗೆ ಹೋಗೋಣ, ಯಾರ ವಿಷಯವೋ ಅವರಿಗೇ ತರಗತಿ ಕೊಡಿ ಅಂತ ಕೇಳೋಣ ಎಂದರು.

ಮೇಷ್ಟ್ರು ತಲೆ ತಗ್ಗಿಸಿದರು. “ನೀವು ಹೇಳೋದು ಸರಿ. ಆದ್ರೆ ಮನೇಲಿ ಎಳೇ ಕೂಸಿದೆ. ನಾನು ಗೆಲ್ತಿರೋದೇ ಸೈಕಲ್‌ನಿಂದ, ಅದನ್ನೂ ಬಿಟ್ರೆ ನಮ್ಮ ಗತಿ? ನನ್ನ ಬಿಟ್ಬಿಡಿ.”

ಅವಳಿಗೆ ಬೇಸರವಾಯಿತು. ಆದರೆ ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ ಅನ್ನಿಸಿತು.

ಕೆಲವು ದಿನಗಳ ಮೇಲೆ ಗುಮಾಸ್ತರ ಫೋನು ಬಂತು. ವಿಜ್ಞಾನದ ಟೀಚರ್‌ಗೆ ಶಸ್ತ್ರಚಿಕಿತ್ಸೆ, ಪೂರ್ತಿ ಒಂದು ತಿಂಗಳ ರಜೆ. ಮೊದಲು ಬಂದವರಿಗೆ ಇಡೀ ತಿಂಗಳು! ಅವಳು ಬಾಚಣಿಗೆಯನ್ನೂ ಮುಟ್ಟದೆ ಓಡಿದಳು. ಶಾಲೆಯ ಬೀದಿಗೆ ತಿರುಗುವ ಮೂಲೆಯಲ್ಲಿ ಸೈಕಲ್ ಗಂಟೆ ಬಾರಿಸುತ್ತಾ ಅವಳನ್ನು ದಾಟಿತು. ಅದನ್ನು ಹಿಂದೆ ಹಾಕುವ ಹುಚ್ಚಿನಲ್ಲಿ ಚಪ್ಪಲಿ ಕಿತ್ತು, ಅವಳು ಬೋರಲು ಬಿದ್ದಳು. ಡಬ್ಬಿ ಉರುಳಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಅಂಗೈ ತರಚಿ ರಕ್ತ ಬಂದಿತ್ತು. ತಿಂಗಳು ಕೈತಪ್ಪಿತು ಎಂದು ಅವಳು ಅಲ್ಲೇ ಕೂತು ಅತ್ತುಬಿಟ್ಟಳು.

ಬ್ರೇಕಿನ ಕಿರ್ರೆನ್ನುವ ಸದ್ದು ಕೇಳಿತು. ಮುಂದೆ ಹೋಗಿದ್ದ ಸೈಕಲ್ ನಿಂತಿತು, ತಿರುಗಿತು, ಹಿಂದಕ್ಕೆ ಬಂತು.

“ಏಳಿ ಅಕ್ಕ, ಹಿಂದೆ ಕೂತ್ಕೊಳ್ಳಿ.”

“ಮೇಷ್ಟ್ರೇ, ನಿಮಗೆ ತಡವಾಗುತ್ತೆ...”

“ಆಗ್ಲಿ ಬಿಡಿ. ಅವತ್ತು ಗೇಟಿನಲ್ಲಿ ನೀವು ಮುಖ ತಿರುಗಿಸಿದ್ರೆ ಮಕ್ಕಳ ಮುಂದೆ ನನ್ನ ಮಾನ ಹೋಗ್ತಿತ್ತು. ಒಂದು ತಿಂಗಳು ಆ ಮಕ್ಕಳಿಗೆ ನಾನೇನು ಮಂಜುಗಡ್ಡೆ ಬಿಡಿಸ್ತಾ ಕೂರ್ಲಾ?”

ಅಷ್ಟರಲ್ಲಿ ಬಂದಿದ್ದ ಅಜ್ಜಿ ಟೀಚರ್, ಒಳಗೆ ಹೋಗಿ ಸಹಿ ಹಾಕದೆ, ಇಬ್ಬರಿಗಾಗಿ ಗೇಟಿನಲ್ಲಿ ಕಾಯುತ್ತಾ ನಿಂತಿದ್ದರು. ಮೂವರೂ ಒಟ್ಟಿಗೆ ಕಚೇರಿಯ ಹೊಸ್ತಿಲು ದಾಟಿದರು. ಗುಮಾಸ್ತರು ಪೆನ್ನು ಹಿಡಿದು, “ಮೊದಲು ಬಂದಿದ್ದು ಯಾರು?” ಅಂದರು.

“ಯಾರೂ ಇಲ್ಲ,” ಎಂದರು ಮೇಷ್ಟ್ರು. “ಒಟ್ಟಿಗೆ ಬಂದಿದ್ದೀವಿ. ಇದು ಅಕ್ಕನ ವಿಷಯ, ಅಕ್ಕನೇ ಪಾಠ ಮಾಡ್ತಾರೆ.”

ಮುಖ್ಯೋಪಾಧ್ಯಾಯಿನಿ ಒಳಗಿನಿಂದ ಬಂದರು. ಅವರೇನೂ ಕೆಟ್ಟವರಲ್ಲ, ದಣಿದವರು. “ನನ್ನ ಕಷ್ಟ ನಿಮಗೇನು ಗೊತ್ತು? ಬರ್ತೀನಿ ಅಂದವರು ಕೈಕೊಡ್ತಾರೆ, ಇಡೀ ತರಗತಿ ನನ್ನ ತಲೆ ಮೇಲೆ ಕೂರುತ್ತೆ. ಅದಕ್ಕೇ ಮೂವರಿಗೆ ಹೇಳ್ಸೋದು.”

“ಅದೂ ನಿಜ ಮೇಡಂ,” ಎಂದರು ಅಜ್ಜಿ ಟೀಚರ್. “ವಿಷಯ ನೋಡಿ ಒಬ್ಬರಿಗೆ ಹೇಳಿ, ಆದಷ್ಟು ಹಿಂದಿನ ಸಂಜೆಯೇ. ಅವರಿಗೆ ಆಗದಿದ್ರೆ ನಮ್ಮಲ್ಲೇ ಇನ್ನೊಬ್ಬರು ಬರ್ತೀವಿ. ತರಗತಿ ಖಾಲಿ ಬಿಡಲ್ಲ, ಆ ಮಾತು ನಮ್ಮದು. ಟೀಚರುಗಳ ಕೋಣೇಲಿ ಒಂದು ಕುರ್ಚಿ ಕೊಡಿ. ‘ಏ ಬದಲಿ’ ಅಂತ ಯಾರೂ ಕರೀಬಾರದು.”

“ಆಗಲ್ಲ ಅಂದ್ರೆ?”

“ಮೂವರೂ ವಾಪಸ್ ಹೋಗ್ತೀವಿ,” ಎಂದಳು ಅವಳು. ತನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಆದರೆ ಹಿಂದೆ ಸರಿಯಲಿಲ್ಲ.

ಶಾಲೆಯ ಗಂಟೆ ಹೊಡೆಯಿತು. ಮೇಲಿನ ಮಹಡಿಯ ತರಗತಿಯಿಂದ ಗಲಾಟೆ ಕೇಳತೊಡಗಿತು. ಮುಖ್ಯೋಪಾಧ್ಯಾಯಿನಿ ಅವಳ ತರಚಿದ ಕೈಯನ್ನು ಆಗಷ್ಟೇ ಗಮನಿಸಿದರು. “ಓಡಿ ಬರುವಾಗ ಬಿದ್ರಾ?” ಅಂದರು. ಅವಳು ತಲೆಯಾಡಿಸಿದಳು. ಅವರು ಗುಮಾಸ್ತರ ಕಡೆ ತಿರುಗಿದರು. “ಇನ್ನು ಮೇಲೆ ಒಬ್ಬರಿಗೇ ಫೋನು ಮಾಡಿ. ಮೊದಲು ಇವರ ಕೈಗೆ ಔಷಧಿ ಹಚ್ಚಿಸಿ. ಅಲ್ಲೀವರೆಗೆ ಮಕ್ಕಳನ್ನ ನಾನು ನೋಡ್ಕೊಳ್ತೀನಿ.”

ಮಧ್ಯಾಹ್ನ ಟೀಚರುಗಳ ಕೋಣೆಯಲ್ಲಿ, ತನ್ನದೇ ಕುರ್ಚಿಯಲ್ಲಿ ಕೂತು ಅವಳು ನೆಗ್ಗಿದ ಡಬ್ಬಿ ತೆರೆದಳು. ಒಂದು ಅಗುಳೂ ಉಳಿಸಲಿಲ್ಲ. ಸಂಜೆ ಹೊತ್ತಿಗೆ ಸುದ್ದಿ ಚಹಾದಂಗಡಿ ತಲುಪಿತ್ತು. ಪಕ್ಕದ ಬಡಾವಣೆಯ ಶಾಲೆಯ ಬದಲಿಯವರೂ ಬಂದು ಅಜ್ಜಿ ಟೀಚರನ್ನು ಸುತ್ತುವರಿದಿದ್ದರು.

ಮರುದಿನ ಬೆಳಿಗ್ಗೆ ಫೋನು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅವಳು ನೆಮ್ಮದಿಯಾಗಿ ತಲೆ ಬಾಚಿಕೊಂಡು ಬಾಗಿಲಿಗೆ ಬಂದರೆ ಅತ್ತೆಯ ಕೈಯಲ್ಲಿ ಎರಡು ಡಬ್ಬಿಗಳಿದ್ದವು.

“ಇದ್ಯಾಕೆ ಎರಡು?”

“ಸೈಕಲ್ ಮೇಷ್ಟ್ರ ಮನೆ ದಾರೀಲೇ ಅಲ್ವಾ? ಅವರ ಹೆಂಡತಿ ಕೂಸನ್ನ ಇಟ್ಕೊಂಡು ಅಡುಗೆ ಮಾಡ್ಬೇಕು ಪಾಪ. ಇವತ್ತು ಓಡೋದೇನಿಲ್ವಲ್ಲ, ಕೊಟ್ಟು ಹೋಗು.”

ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಅವಳು ನಿಧಾನವಾಗಿ ನಡೆದಳು.