ನನ್ನದೇ ಒಂದು ತಾಸು

ಭಾಷಣ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮಹಿಳಾ ದಿನಕ್ಕೆಂದು ನಮ್ಮ ಕಾರ್ಖಾನೆಗೆ ಬಂದಿದ್ದ ವನಜಾ ಮೇಡಂ, "ದಿನಕ್ಕೆ ಒಂದು ತಾಸು ನಿಮ್ಮದೇ ಆಗಿರಲಿ. ಬಾಗಿಲು ಹಾಕಿಕೊಳ್ಳಿ. ಕೊನೆಗೆ ನಿಮ್ಮ ಬಗ್ಗೆ ಮೂರು ಸಾಲು ಬರೆದಿಡಿ" ಅಂದಾಗ ಹಿಂದಿನ ಸಾಲಿನಲ್ಲಿ ಕೂತು ಮೂಗು ಮುರಿದಿದ್ದೆ. ನಮ್ಮ ಕ್ವಾರ್ಟರ್ಸಿನಲ್ಲಿ ಇರುವುದೇ ಒಂದು ಖೋಲಿ, ಒಂದು ಪಡಸಾಲೆ. ಯಾವ ಬಾಗಿಲು ಹಾಕಿಕೊಳ್ಳಲಿ?

ಆದರೂ ಮಾತು ತಲೆಯಲ್ಲಿ ಕೂತುಬಿಟ್ಟಿತು. ಗಂಡ ಕಾಶಿನಾಥ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಅಟೆಂಡರ್ ಕೆಲಸ ನನ್ನದು. ಆರು ವರ್ಷ ಫೈಲು ಹೊತ್ತು, ಚಹಾ ಕೊಟ್ಟು ಸಾಕಾಗಿತ್ತು. ಇಲಾಖೆಯ ಪರೀಕ್ಷೆ ಪಾಸಾದರೆ ಕ್ಲರ್ಕ್ ಕುರ್ಚಿ. ವಯಸ್ಸಿನ ಲೆಕ್ಕದಲ್ಲಿ ಇದೇ ನನ್ನ ಕೊನೆಯ ಅವಕಾಶ.

ಅತ್ತೆ ಶಂಕ್ರಮ್ಮನಿಗೆ ಹೇಳಿದರೆ ನನಗಿಂತ ಅವರಿಗೇ ಹುರುಪು ಬಂತು. "ನೀ ಓದವ್ವಾ ಉಮಾ. ಬಾಗಲಾ ನಾ ಕಾಯ್ತೀನಿ. ಯಾವಂವ ಬರ್ತಾನ ನೋಡ್ತೀನಿ."

ಬೆಳಿಗ್ಗೆ ಐದಕ್ಕೆ ನಾನು ಖೋಲಿಯ ಒಳಗೆ. ಅವರು ಪಡಸಾಲೆಯಲ್ಲಿ ಖೋಲಿಯ ಬಾಗಿಲಿಗೆ ಬೆನ್ನು ಕೊಟ್ಟು, ಮಣೆ ಹಾಕಿಕೊಂಡು, ಜೋಳ ಹಸನು ಮಾಡುತ್ತ ಕೂಡುವರು. ಆಳಂದದಿಂದ ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾದರೂ ತೆಲುಗು ನಾಲಿಗೆಗೆ ಹತ್ತದ ಹೆಂಗಸು, ಪಕ್ಕದ ಮನೆಯ ಗೋದಾವರಿಯಿಂದ ಒಂದೇ ಒಂದು ಮಾತು ಕಲಿತರು: "ಕೋಡಲು ಚದುವುತೋಂದಿ, ತರ್ವಾತ ರಾ." ಸೊಸೆ ಓದ್ತಿದ್ದಾಳೆ, ಆಮೇಲೆ ಬಾ. ಮರ್ಯಾದೆಗೆ 'ರಾ' ಬದಲು 'ರಂಡಿ' ಅನ್ನಬೇಕು ಎಂದು ಗೋದಾವರಿ ತಿದ್ದಿದರೆ, "ಮುಂಜಾನೆದ್ದು ಬಾಯಾಗ ಹೊಲಸ ಮಾತ್ಯಾಕ?" ಎಂದು ಅವಳನ್ನೇ ಬೈದರು. ಹಾಗಾಗಿ ಹಾಲಿನವನಿಂದ ಹಿಡಿದು ನಮ್ಮ ಸೆಕ್ಷನ್ ಆಫೀಸರವರೆಗೆ ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟು ಏಕವಚನ. ಒಳಗೆ ಕೂತ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ರವಿವಾರ ಮಾತ್ರ ಮಾದರಿ ಪರೀಕ್ಷೆ, ಐದರಿಂದ ಎಂಟು. ಒಮ್ಮೆ ಚಹಾ ಬೇಕೇ ಎಂದು ಬಾಗಿಲು ತಟ್ಟಿದ್ದಕ್ಕೆ ಸಿಡುಕಿದ್ದೆ: "ಏನರ ಆಗಲಿ ಅತ್ತಿ, ಎಂಟರತನಕ ಬಾಗಲಾ ಬಡೀಬ್ಯಾಡ್ರಿ." ಅವರು ಚಹಾ ತಿರುಗಿ ಒಯ್ದರು.

ಪರೀಕ್ಷೆಗೆ ಮೂರು ವಾರ ಇರುವಾಗ, ಒಂದು ರವಿವಾರ, ಹೊರಗೆ ಏನೋ ಬಿದ್ದ ಸಪ್ಪಳವಾಯಿತು. ಮೊರ ಇರಬೇಕು ಅಂದುಕೊಂಡೆ. ಏಳಬೇಕೆನಿಸಿತು, ಏಳಲಿಲ್ಲ. ಎಂಟಕ್ಕೆ ಉತ್ತರ ಮುಗಿಸಿ ನನ್ನ ಮೂರು ಸಾಲನ್ನೂ ಬರೆದೆ. "ಹೊರಗೆ ಸಪ್ಪಳವಾಯಿತು. ಎದ್ದು ಹೋಗಲಿಲ್ಲ. ನನ್ನ ಮನಸ್ಸು ಈಗ ನನ್ನ ಹಿಡಿತದಲ್ಲಿದೆ."

ಬಾಗಿಲು ತೆಗೆದರೆ ಅತ್ತೆ ಚೌಕಟ್ಟಿಗೆ ಒರಗಿ ವಾಲಿದ್ದರು. ಬಾಯಿ ಸೊಟ್ಟಗಾಗಿತ್ತು, ಜೋಳ ನೆಲದ ತುಂಬ ಚೆಲ್ಲಿತ್ತು. ಬಲಗೈ ಬಿದ್ದುಹೋಗಿತ್ತು, ಎಡಗೈ ಬೆರಳು ತುಟಿಯ ಹತ್ತಿರವೇ ಇತ್ತು. ಐದೂವರೆಗೆ ಬಂದ ಹಾಲಿನವನಿಗೂ ಹಾಗೆಯೇ ಬೆರಳು ತೋರಿಸಿದ್ದರಂತೆ. ದಿನದ ಹಾಗೆ ಎಂದು ಅವನು ಪ್ಯಾಕೆಟ್ ಇಟ್ಟು ಹೋಗಿದ್ದ. ಆ ಎಡಗೈಯಿಂದ ಒಮ್ಮೆ ಬಾಗಿಲು ಬಡಿದಿದ್ದರೆ ಸಾಕಿತ್ತು. ಬಾಗಿಲು ಅವರ ಭುಜಕ್ಕೆ ತಾಗಿಕೊಂಡೇ ಇತ್ತು.

ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರು, "ಎಷ್ಟು ಹೊತ್ತಿಗೆ ಶುರುವಾಯಿತು?" ಎಂದು ಮೂರು ಸಲ ಕೇಳಿದರು. ನಾಲ್ಕು ಹೆಜ್ಜೆ ದೂರದಲ್ಲೇ ಇದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಅಂದರು.

ಅವರ ಕನ್ನಡವೆಲ್ಲ ಹೋಯಿತು. ಮಗನ ಹೆಸರು, ನನ್ನ ಹೆಸರು, ನೀರು, ಹಸಿವು, ಬೈಗುಳ, ಎಲ್ಲ. ಉಳಿದದ್ದು ಆ ಒಂದು ತೆಲುಗು ಮಾತು. ಹಸಿದರೂ ಅದೇ, ನೋವಾದರೂ ಅದೇ. ಕೆಲವರಿಗೆ ಹೀಗೆ ಬಾಯಿಪಾಠವಾದ ಒಂದೇ ಮಾತು ಉಳಿಯುತ್ತದಂತೆ.

ಗೋದಾವರಿಯನ್ನು ಅವರ ಹತ್ತಿರ ಕೂಡಿಸಿ ನಾನು ಪರೀಕ್ಷೆಗೆ ಹೋದೆ. ಅತ್ತೆ ಕಾದದ್ದೇ ಇದಕ್ಕಲ್ಲವೇ ಎಂದು ಹೇಳಿಕೊಂಡು ಹೋದೆ. ಅದೂ ನನ್ನ ಅನುಕೂಲಕ್ಕೆ ಹೇಳಿಕೊಂಡದ್ದೇ ಇರಬಹುದು.

ನಿನ್ನೆ ರಿಸಲ್ಟ್ ಬಂತು. ಮನೆಗೆ ಬಂದವಳೇ ಮೂರು ಸಾಲು ಬರೆಯುತ್ತಿದ್ದ ಆ ನೋಟ್‌ಬುಕ್ ತೆಗೆದು ಕೂತೆ. ವನಜಾ ಮೇಡಮ್ಮನ್ನು ಬೈಯಬೇಕೆನಿಸಿತು, ಆದರೆ ಅವರು ತಪ್ಪೇನು ಹೇಳಿದ್ದರು? ಎಂಟು ತಿಂಗಳು, ದಿನಕ್ಕೆ ಮೂರು ಸಾಲು. ನನ್ನ ಕೋಪ, ನನ್ನ ಹೆದರಿಕೆ, ನನ್ನ ಛಲ, ಎಲ್ಲ ಇದೆ. ಬಾಗಿಲಾಚೆ ಕೂತವಳ ಹೆಸರು ಒಂದು ಪುಟದಲ್ಲೂ ಇಲ್ಲ. ನನ್ನನ್ನು ನಾನು ತಿಳಿದುಕೊಂಡದ್ದು ಇಷ್ಟೇ ಎಂದು ಗಟ್ಟಿಯಾಗಿ ಅತ್ತುಬಿಟ್ಟೆ.

ಆಮೇಲೆ ಮುಖ ತೊಳೆದು ಪಡಸಾಲೆಯ ಮಂಚದ ಹತ್ತಿರ ಹೋಗಿ, "ಅತ್ತಿ, ನಾ ಪಾಸಾದೆರಿ" ಅಂದೆ.

ನನ್ನನ್ನೇ ನೋಡಿದರು. ಎಡಗೈ ಎತ್ತಿ, ತುಟಿಯ ಮೇಲೆ ಬೆರಳಿಟ್ಟು, ಖೋಲಿಯ ಬಾಗಿಲ ಕಡೆ ಕಣ್ಣು ಹೊರಳಿಸಿ, ಮೆಲ್ಲಗೆ ಅಂದರು: "ಕೋಡಲು ಚದುವುತೋಂದಿ, ತರ್ವಾತ ರಾ."

"ಹೂಂನ್ರಿ, ಆಮ್ಯಾಲ ಬರ್ತೀನಿ" ಎಂದು ಎದ್ದು, ಖೋಲಿಯ ಬಾಗಿಲಿಗೆ ಬೆನ್ನು ಕೊಟ್ಟು ಅವರ ಮಣೆಯ ಮೇಲೆ ಕೂತೆ.