ಒದ್ದೆ ಪಿಸ್ತೂಲು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಜಿತೇಂದ್ರ ತಲೆಯೆತ್ತಿ, "ಸೌದೆ ಸಾಕಾ ನೋಡಿ. ಮಾವಿನದ್ದೇ ಕಡಿಸಿದ್ದಲ್ವಾ?" ಎಂದು ಗದ್ದೆಯ ಕಡೆ ಕೂಗಿದ. ಇನ್ನಂಜೆಯ ಆ ಮನೆಯಂಗಳದಲ್ಲಿ ಬೆಳಗಿನಿಂದ ಎಲ್ಲವೂ ಅವನ ಮಾತಿನಂತೆಯೇ ನಡೆದಿತ್ತು. ಸತ್ತ ಶೇಖರನ ಹೆಂಡತಿಯ ತಮ್ಮ ಅವನು. ಮಣಿಪಾಲದಲ್ಲಿ ದೊಡ್ಡ ಹೋಟೆಲು ನಡೆಸುವವನು. ಶಾಮಿಯಾನ, ಕುರ್ಚಿ, ದೂರದಿಂದ ಬಂದವರಿಗೆ ಚಹಾ, ಎಲ್ಲ ಅವನದೇ ಏರ್ಪಾಡು.

ವಿನೋದಾ ಚಾವಡಿಯಲ್ಲಿ ಗಂಡನ ತಲೆಯ ಬಳಿ ಕೂತಿದ್ದಳು. ಪಕ್ಕದಲ್ಲಿ ಮಗಳು ಚೈತಾಲಿ. ಅಂಗಳದ ಮಾತು ಸಣ್ಣ ದನಿಯದ್ದಾದರೂ ಒಳಗೆ ಕೇಳುತ್ತಿತ್ತು.

"ಕಸ್ಟಮ್ಸಿನಲ್ಲಿದ್ದಾಗ ಎಂತ ಗತ್ತು ಮಾರಾಯ ಇವರದ್ದು! ಸೈಕಲ್ಲಿನಲ್ಲಿ ಬಂದರೂ ಸೊಂಟದಲ್ಲಿ ಪಿಸ್ತೂಲು," ಎಂದರು ನೆರೆಮನೆಯ ಜಾರ್ಜ್.

"ಇದ್ದು ಎಂತ ಪ್ರಯೋಜನ? ಬೇಕಾದಾಗ ಒದ್ದೆ," ಎಂದ ಇನ್ನೊಬ್ಬ. ಯಾರೋ ನಕ್ಕರು, ಸಾವಿನ ಮನೆಯೆಂದು ನೆನಪಾಗಿ ನಗುವನ್ನು ಕೆಮ್ಮು ಮಾಡಿದರು.

ಚೈತಾಲಿ ತಲೆ ತಗ್ಗಿಸಿದಳು. ಶಾಲೆಯಲ್ಲಿ ಅವಳನ್ನು 'ಒದ್ದೆ ಪಿಸ್ತೂಲಿನ ಮಗಳು' ಎಂದು ಕರೆಯುತ್ತಿದ್ದರು. ಒಂದು ಸಂಜೆ ಮನೆಗೆ ಬಂದವಳು ಅಪ್ಪನನ್ನೇ ಕೇಳಿದ್ದಳು: "ನೀವು ಹೆದರಿದ್ದು ಹೌದಾ?"

"ಹೌದು ಮಗಾ," ಎಂದಿದ್ದ ಶೇಖರ.

ಅಂದಿನಿಂದ ಅವಳು ಅಪ್ಪನೊಡನೆ ಪೇಟೆಗೆ ಹೋಗುವುದನ್ನು ಬಿಟ್ಟಳು. ವಿನೋದಾ ಅದೆಲ್ಲವನ್ನೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ಒಲೆಯ ಮುಂದಿನಿಂದ ಎದ್ದು ಬಂದಿರಲಿಲ್ಲ.

ಗೇಟಿನ ಹೊರಗೆ ಆಟೋ ನಿಂತಿತು. ಇಳಿದ ಮುದುಕನ ಎಡಗಣ್ಣಿನ ಜಾಗದಲ್ಲಿ ಬರೀ ಸುಕ್ಕುಗಟ್ಟಿದ ಚರ್ಮ.

"ತಾರಾನಾಥ ಅಲ್ವಾ?" ಎಂದರು ಜಾರ್ಜ್, ಇನ್ನೂ ತಗ್ಗಿದ ದನಿಯಲ್ಲಿ. "ಅವತ್ತು ಜೀಪಿನ ಡ್ರೈವರ್ ಆಗಿದ್ದವನು. ಇವರು ಗುಂಡು ಹೊಡೆಯದೆ ಕಣ್ಣು ಕಳಕೊಂಡದ್ದು ಇವನೇ."

ಹಗ್ಗದ ಮೇಲೆ ಜಿತೇಂದ್ರನ ಕೈ ನಿಂತಿತು.

*

ನಲವತ್ತು ವರ್ಷಗಳ ಹಿಂದೆ ಈ ಕರಾವಳಿಯಲ್ಲಿ ದೋಣಿಗಳಿಂದ ಕಳ್ಳ ಚಿನ್ನ ಇಳಿಯುತ್ತಿತ್ತು. ಕಾಪು, ಎರ್ಮಾಳಿನ ಕಡಲಕರೆ ಕಾಯುವ ಕಸ್ಟಮ್ಸಿನವರಿಗೆ ಸರಕಾರ ರಿವಾಲ್ವರ್ ಕೊಡುತ್ತಿತ್ತು. ಶೇಖರನಿಗೆ ಸಿಕ್ಕಿದ್ದು ಅವನಿಗಿಂತ ಮೊದಲು ಯಾರ್ಯಾರೋ ಹಿಡಿದು ಸವೆಸಿದ ಹಳೆಯದು. ಕೈಜಾರಿ ಬೀಳದಂತೆ ಹಿಡಿಯ ಬುಡಕ್ಕೆ ಹೆಣೆದ ದಾರ ಕಟ್ಟಿತ್ತು. ಅದರ ಇನ್ನೊಂದು ತುದಿ ಹೆಗಲಿಗೆ.

"ಪಿಸ್ತೂಲು ಅಲ್ಲ, ರಿವಾಲ್ವರ್. ಗುಂಡಿನ ಮನೆ ತಿರುಗುತ್ತದೆ ನೋಡು," ಎಂದು ಮದುವೆಯ ಹೊಸತರಲ್ಲಿ ಹೆಂಡತಿಗೆ ಖಾಲಿ ಮಾಡಿ ತೋರಿಸಿದ್ದ. ಉಪ್ಪುಗಾಳಿಗೆ ತುಕ್ಕು ಹಿಡಿಯದ ಹಾಗೆ ದಿನಾ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ವಿನೋದಾ ಅದನ್ನು ದೇವರ ಕೋಣೆಯ ಹತ್ತಿರ ತರಗೊಡದೆ ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿಡುತ್ತಿದ್ದಳು. ಆದರೆ ಅದನ್ನು ಸೊಂಟಕ್ಕೆ ಕಟ್ಟಿದ ಕೂಡಲೇ ಗಂಡನ ಬೆನ್ನು ನೆಟ್ಟಗಾಗುವುದನ್ನು ನೋಡಲು ಅವಳಿಗೂ ಇಷ್ಟವಿತ್ತು.

ಒಂದು ಬೆಳಿಗ್ಗೆ ಶೇಖರ ಮರಳು ಮೆತ್ತಿದ ಕಾಲಿನಲ್ಲೇ ಅಡುಗೆಮನೆಗೆ ಬಂದ. ಅಂಗಿಯ ಮೇಲೆ ರಕ್ತ.

"ನನ್ನದಲ್ಲ. ತಾರಾನಾಥನದ್ದು. ಒಂದು ಕಣ್ಣು ಹೋಯಿತು."

"ಅಯ್ಯೋ ದೇವರೇ! ನಿಮ್ಮ ಹತ್ತಿರ ರಿವಾಲ್ವರ್ ಇತ್ತಲ್ಲ?"

"ಕೈಯಲ್ಲೇ ಇತ್ತು." ಅವನು ಅದನ್ನು ಮೇಜಿನ ಮೇಲಿಟ್ಟ. "ಎರ್ಮಾಳಿನಲ್ಲಿ ಬೆಳಕು ಹರಿಯುವಾಗ ಮಾಲು ಹೊತ್ತು ತರುತ್ತಿದ್ದರು. ತಾರಾನಾಥ ಒಬ್ಬನನ್ನು ಹಿಡಿದ. ಅವನು ದೋಣಿಯ ಹುಟ್ಟು ತೆಗೆದು ಮುಖಕ್ಕೆ ಹೊಡೆದ. ಇನ್ನೊಮ್ಮೆ ಎತ್ತಿದ. ನಾನು ಗುರಿ ಇಟ್ಟೆ. ಆಗ ಅವನು ಮುಖಕ್ಕೆ ಕಟ್ಟಿದ್ದ ಬೈರಾಸು ಜಾರಿತು."

"ಯಾರವನು?" ಎಂದಳು ವಿನೋದಾ.

"ನಮ್ಮ ಜಿತ್ತು," ಎಂದ ಶೇಖರ. "ನನ್ನ ಕೈ ಇಳಿಯಿತು, ಆ ಎರಡನೆಯ ಏಟಿಗೇ ಕಣ್ಣು ಹೋದದ್ದು."

ತಾಯಿಮನೆಗೆ ಒಬ್ಬನೇ ಗಂಡು ಅವನು. ಮೀಸೆ ಇನ್ನೂ ಸರಿಯಾಗಿ ಮೂಡದವನು. ವಿನೋದಾ ಕುಸಿದು ಗಂಡನ ಕಾಲು ಹಿಡಿದುಕೊಂಡಳು. "ಹೆಸರು ಹೇಳಬೇಡಿ. ಅಮ್ಮ ಸತ್ತೇ ಹೋಗುತ್ತಾರೆ."

"ತಾರಾನಾಥನಿಗೆ ನಾನು ಎಂತ ಹೇಳಲಿ?"

ಅವಳು ಕಾಲನ್ನು ಬಿಡಲಿಲ್ಲ.

ಕಡಲ ನೀರು ಹೊಕ್ಕು ರಿವಾಲ್ವರ್ ಕೆಲಸ ಮಾಡಲಿಲ್ಲ ಎಂದು ಶೇಖರ ವಿಚಾರಣೆಯಲ್ಲಿ ಹೇಳಿದ. ಪರೀಕ್ಷಿಸಿದಾಗ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಮತ್ತೆಂದೂ ಅವನ ಸೊಂಟಕ್ಕೆ ಆಯುಧ ಬರಲಿಲ್ಲ. ನಿವೃತ್ತಿಯವರೆಗೆ ಮಂಗಳೂರಿನ ಕಚೇರಿಯ ಮೂಲೆಯಲ್ಲಿ ಕಾಗದ ಜೋಡಿಸಿದ. ಜಿತೇಂದ್ರ ಅಷ್ಟರಲ್ಲೇ ಮುಂಬಯಿಯ ಬಸ್ಸು ಹತ್ತಿದ್ದ.

*

ತಾರಾನಾಥ ಚಪ್ಪಲಿ ಕಳಚಿ ಚಾವಡಿಗೆ ಬಂದು, ಶೇಖರನ ತುಟಿಗೆ ತುಳಸಿಯ ನೀರು ಬಿಟ್ಟ.

"ನಾನು ಆಸ್ಪತ್ರೆಯಲ್ಲಿದ್ದಾಗ ದಿನಾ ಬರುತ್ತಿದ್ದರಂತೆ ಅಕ್ಕ. ಬಾಗಿಲಿನವರೆಗೆ ಮಾತ್ರ. ನರ್ಸು ಹೇಳುತ್ತಿದ್ದರು," ಎಂದ. "ಹೆದರಿಕೆಯಾದರೆ ಯಾರ ಕೈಯಾದರೂ ನಡುಗುತ್ತದೆ. ಹೆದರಿದೆ ಮಾರಾಯ ಅಂತ ಒಳಗೆ ಬಂದು ಒಂದು ಮಾತು ಹೇಳಿದ್ದರೆ ನನಗೆ ಸಾಕಿತ್ತು."

ಜಿತೇಂದ್ರ ಅವಸರದಿಂದ ಮೆಟ್ಟಿಲೇರಿ ಬಂದ. "ಹೊತ್ತಾಯಿತು, ಎತ್ತುವ. ಪಾಪ, ಭಾವನಿಗೆ ಮೊದಲಿನಿಂದಲೂ ಧೈರ್ಯ ಸ್ವಲ್ಪ ಕಮ್ಮಿ. ಅದೆಲ್ಲ ಈಗ ಎಂತಕ್ಕೆ?"

ವಿನೋದಾ ಎದ್ದು ನಿಂತಳು.

"ಇನ್ನೊಮ್ಮೆ ಹೇಳು ಜಿತ್ತು."

ಅವನು ಒಂದು ಮೆಟ್ಟಿಲು ಹಿಂದೆ ಇಳಿದ.

"ತಾರಾನಾಥರೇ, ರಿವಾಲ್ವರ್ ಒದ್ದೆಯಾಗಿರಲಿಲ್ಲ. ಇವರು ಹೆದರಿದ್ದೂ ಅಲ್ಲ. ನಿಮ್ಮ ಮುಖಕ್ಕೆ ಹೊಡೆದವನು ಈ ನನ್ನ ತಮ್ಮ. ಗುರುತು ಸಿಕ್ಕಿ ಇವರು ಕೈ ಇಳಿಸಿದರು. ಆಮೇಲೆ ಬಾಯಿ ಮುಚ್ಚಿಸಿದ್ದು ನಾನು. ಊರೆಲ್ಲ ನಗುವಾಗಲೂ ನಾನು ಸುಮ್ಮನೆ ಇದ್ದೆ."

ತಾರಾನಾಥ ಪೂರಾ ತಲೆ ತಿರುಗಿಸಿ, ಉಳಿದ ಕಣ್ಣಿನಿಂದ ಜಿತೇಂದ್ರನನ್ನು ನೋಡಿದ.

"ನಿಮ್ಮ ಹೋಟೆಲಿನಲ್ಲೇ ನನ್ನ ಮೊಮ್ಮಗಳ ನಾಮಕರಣ ಮಾಡಿದ್ದು," ಎಂದ ನಿಧಾನವಾಗಿ. "ಮೆಟ್ಟಿಲು ಕಾಣುವುದಿಲ್ಲ ಅಂತ ನೀವೇ ನನ್ನ ಕೈ ಹಿಡಿದು ಒಳಗೆ ಕರಕೊಂಡು ಹೋದಿರಿ."

"ನಾನು ಆಗ ಸಣ್ಣ ಹುಡುಗ..." ಎಂದ ಜಿತೇಂದ್ರ.

ತಾರಾನಾಥ ಶವದ ಕಡೆ ತಿರುಗಿದ. "ಇವರು ಮಾಡಿದ್ದು ಸರಿಯಲ್ಲ ಅಕ್ಕ."

"ಅಲ್ಲ," ಎಂದಳು ವಿನೋದಾ.

"ಆದರೂ ಹೆಗಲು ಕೊಡುತ್ತೇನೆ. ಒಂದೇ ಜೀಪಿನಲ್ಲಿ ಹೋದವರು ನಾವು."

ಚೈತಾಲಿ ಅಪ್ಪನ ಮುಖದಿಂದ ಕಣ್ಣು ಕೀಳದೆ, "ನಾನು ಕೇಳಿದಾಗ ಹೌದು ಅಂದರಲ್ಲ ಅಮ್ಮ," ಎಂದಳು. ವಿನೋದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಚಟ್ಟ ಎತ್ತುವಾಗ ಜಿತೇಂದ್ರ ಅಭ್ಯಾಸದಂತೆ ಮುಂದಿನ ಬಿದಿರಿಗೆ ಕೈ ಹಾಕಿದ. "ಬೇಡ ಮಾವ," ಎಂದು ಚೈತಾಲಿ ಅವನ ಬೆರಳುಗಳನ್ನು ಬಿಡಿಸಿದಳು. ಆ ಜಾಗಕ್ಕೆ ತಾರಾನಾಥ ಹೆಗಲು ಕೊಟ್ಟ. ಗಂಡಸರೆಲ್ಲ ಅವರ ಹಿಂದೆ ಗದ್ದೆಗಿಳಿದರು. ಜಾರ್ಜ್ ಜಿತೇಂದ್ರನ ಪಕ್ಕದಿಂದಲೇ ಹೋದರು, ಬಾ ಎನ್ನಲಿಲ್ಲ.

ಹೆಣ ಹೋದ ಮೇಲೆ ಅಂಗಳ ಶುದ್ಧ ಮಾಡಬೇಕು. ನೆರೆಯ ಪುಷ್ಪಾವತಿ ಸೆಗಣಿ ನೀರು ಚಿಮುಕಿಸಿ, ಬಾಗಿ, ಹಿಡಿಸೂಡಿಯಿಂದ ಮೂಲೆಯಿಂದ ಮೂಲೆಗೆ ಗುಡಿಸುತ್ತಾ ಬಂದಳು. ಜಿತೇಂದ್ರ ಚಟ್ಟ ಇದ್ದ ಜಾಗದಲ್ಲೇ ನಿಂತಿದ್ದ. ಅವಳು ಅವನ ಕಾಲಿನವರೆಗೆ ಬಂದು, ಸರಿಯಲಿ ಎಂದು ಸ್ವಲ್ಪ ಕಾದಳು. ಅವನು ಸರಿಯಲಿಲ್ಲ. ಅವಳು ಮುಖವೆತ್ತಿ ನೋಡದೆ, ಅವನನ್ನು ಸುತ್ತುಹಾಕಿ ಗುಡಿಸಿಕೊಂಡು ಮುಂದೆ ಹೋದಳು. ಅಂಗಳವೆಲ್ಲ ಹಸಿಯಾಗಿ ಕಪ್ಪಾಯಿತು. ಅವನ ಎರಡು ಪಾದಗಳ ಸುತ್ತ ಮಾತ್ರ ಒಂದು ತುಂಡು ಒಣ ಮಣ್ಣು ಉಳಿಯಿತು.